ಗುರಿ ಯಾತಕ್ಕೆ, ಎಲ್ಲಿಯವರೆಗೆ: ಒಂದೇ ಪುಟದಲ್ಲಿ ಬರೆದಿಡುವ ಕ್ರಮ

ಜನವರಿ ಮುಗಿಯುವ ಹೊತ್ತಿಗೆ ಒಮ್ಮೆ, ಯುಗಾದಿ ಕಳೆದು ಎರಡು ತಿಂಗಳಿಗೆ ಇನ್ನೊಮ್ಮೆ, ಓದುಗರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಪ್ರತಿ ಸಲ ಹುರುಪಿನಿಂದ ಶುರು ಮಾಡ್ತೀನಿ. ಆಮೇಲೆ ಎಲ್ಲಿ ಕೈಬಿಟ್ಟೆ ಅಂತಲೇ ಗೊತ್ತಾಗಲ್ಲ. ಮನಸ್ಸು ಗಟ್ಟಿ ಮಾಡ್ಕೊಳ್ಳೋದು ಹೇಗೆ?"

ಮನಸ್ಸಿನ ಮಾತು ಆಮೇಲೆ. ಮೊದಲು ನೀವು ಬರೆದುಕೊಂಡ ವಾಕ್ಯವನ್ನು ಒಮ್ಮೆ ನೋಡಿ. ಬಹಳ ಮಟ್ಟಿಗೆ ಅದು "ಆರೋಗ್ಯ ನೋಡ್ಕೋಬೇಕು", "ಸಂಗೀತ ಕಲೀಬೇಕು", "ತಾರಸಿ ಮೇಲೆ ತೋಟ ಮಾಡ್ಬೇಕು" ಎಂಬಷ್ಟೇ ಇರುತ್ತದೆ. ಯಾತಕ್ಕೆ ಎಂದು ಬರೆದಿರುವುದಿಲ್ಲ, ಎಲ್ಲಿಗೆ ಮುಗಿಯುತ್ತದೆ ಎಂದೂ ಬರೆದಿರುವುದಿಲ್ಲ. ಎಲ್ಲಿಗೆ ಮುಗಿಯುತ್ತದೆ ಎಂದು ಗೊತ್ತಿಲ್ಲದ ಕೆಲಸವನ್ನು ಎಷ್ಟು ಮಾಡಿದರೂ ಕಡಿಮೆಯೇ ಅನ್ನಿಸುತ್ತದೆ. ಜನ ಸೋಮಾರಿತನದಿಂದ ಕೈಬಿಡುವುದಕ್ಕಿಂತ ಹೀಗೆ ಸುಸ್ತಾಗಿ ಕೈಬಿಡುವುದೇ ಹೆಚ್ಚು.

ಈ ಲೇಖನದಲ್ಲಿ ಎರಡು ಪದ ಮತ್ತೆ ಮತ್ತೆ ಬರುತ್ತವೆ. ಉದ್ದೇಶ ಎಂದರೆ ಗುರಿ ಮುಟ್ಟಿದ ಮೇಲೆ ನಿಮ್ಮ ದಿನದಲ್ಲಿ ಏನು ಬದಲಾಗಿರಬೇಕು ಎಂಬುದು. ವ್ಯಾಪ್ತಿ ಎಂದರೆ ಆ ಗುರಿಯೊಳಗೆ ಏನೇನು ಸೇರುತ್ತದೆ, ಏನೇನು ಸೇರುವುದಿಲ್ಲ ಎಂಬ ಎಲ್ಲೆ. ಐಟಿ ಕಂಪನಿಗಳಲ್ಲಿ ಇದನ್ನೇ ಸ್ಕೋಪ್ ಎನ್ನುತ್ತಾರೆ. ಕಚೇರಿಯ ಪ್ರಾಜೆಕ್ಟಿಗೆ ಸ್ಕೋಪ್ ಬರೆಯದೆ ಒಂದು ದಿನವೂ ಕೆಲಸ ಮಾಡದ ಎಷ್ಟೋ ಜನ ತಮ್ಮ ಸ್ವಂತ ಗುರಿಗೆ ಒಂದು ಸಾಲೂ ಬರೆದಿರುವುದಿಲ್ಲ.

ಬೇಕಾಗುವ ಸಾಮಾನು

ಒಂದು ಬಿಳಿ ಹಾಳೆ, ಪೆನ್ನು, ಮತ್ತು ಹಿಂದಿನ ಎರಡು ವಾರ ನೀವು ಏನು ಮಾಡಿದಿರಿ ಎಂದು ತೋರಿಸುವ ದಾಖಲೆ: ಫೋನಿನ ಕ್ಯಾಲೆಂಡರ್, ಯುಪಿಐ ಖರ್ಚಿನ ಪಟ್ಟಿ, ಮೆಟ್ರೊ ಕಾರ್ಡಿನ ವಿವರ, ಏನಿದ್ದರೂ ಸರಿ. ಸಮಯ ಒಟ್ಟು ಒಂದೂವರೆ ಗಂಟೆ. ಒಂದೇ ಸಲಕ್ಕೆ ಕೂರಬೇಡಿ. ಮೊದಲ ಮೂರು ಹಂತ ಒಂದು ದಿನ, ಉಳಿದವು ಎರಡು ದಿನ ಬಿಟ್ಟು. ನಡುವಿನ ಆ ಎರಡು ದಿನದಲ್ಲಿ ಮೊದಲ ಹುರುಪು ಇಳಿದಿರುತ್ತದೆ, ಬರೆದದ್ದು ನಿಜವಾಗಿ ಎಷ್ಟಿದೆಯೋ ಅಷ್ಟೇ ಕಾಣುತ್ತದೆ.

ಆ್ಯಪ್ ಬೇಡ. ಆ್ಯಪ್‌ನಲ್ಲಿ ಗುರಿ ಸೇರಿಸುವುದು ತುಂಬ ಸುಲಭ, ಹಾಗಾಗಿ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಹಾಳೆಯಲ್ಲಿ ಜಾಗ ಮುಗಿಯುತ್ತದೆ. ಇಲ್ಲಿ ಬೇಕಾಗಿರುವುದು ಅದೇ.

ಉದಾಹರಣೆಗೆ ಒಂದು ಮನೆ ಇಟ್ಟುಕೊಳ್ಳೋಣ. ಬೆಂಗಳೂರಿನ ವಿಜಯನಗರದಲ್ಲಿ 30×40 ಸೈಟಿನ ಮನೆ, ಮೇಲೆ ಖಾಲಿ ತಾರಸಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಒಬ್ಬಳು ಶಾಲೆಗೆ ಹೋಗುವ ಮಗಳು, ಮನೆಯಲ್ಲಿ ಅತ್ತೆ. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ಹೆಂಡತಿಗೆ ತಾರಸಿ ತೋಟ ಮಾಡುವ ಆಸೆ.

1. ಬಾಯಿಗೆ ಬಂದಂತೆ ಬರೆಯಿರಿ

ಹಾಳೆಯ ಮೇಲ್ಭಾಗದಲ್ಲಿ ಗುರಿಯನ್ನು ಮನೆಮಾತಿನಲ್ಲಿ ಬರೆಯಿರಿ. "ತಾರಸಿ ಮೇಲೆ ತೋಟ ಮಾಡ್ಬೇಕು." ತಿದ್ದಬೇಡಿ, ಚೆಂದ ಮಾಡಬೇಡಿ. ಎರಡು ಗುರಿ ಒಟ್ಟಿಗೆ ಬಂದರೆ ಎರಡು ಹಾಳೆ ತೆಗೆದುಕೊಳ್ಳಿ. "ತೂಕ ಇಳಿಸಿ, ಇಂಗ್ಲಿಷ್ ಸುಧಾರಿಸಿಕೊಂಡು, ಕಾರು ಕಲಿಯಬೇಕು" ಎಂಬುದು ಮೂರು ಹಾಳೆಯ ಕೆಲಸ. ಸದ್ಯಕ್ಕೆ ಒಂದನ್ನು ಮಾತ್ರ ಮುಂದೆ ಇಟ್ಟುಕೊಳ್ಳಿ.

2. ಯಾತಕ್ಕೆ ಎಂದು ಕೇಳಿ, ಉತ್ತರ ಬದಲಾಗುವವರೆಗೆ

ಜಪಾನಿನ ಟೊಯೋಟಾ ಕಾರ್ಖಾನೆಗಳಲ್ಲಿ ಯಂತ್ರ ಕೆಟ್ಟರೆ "ಯಾಕೆ" ಎಂದು ಐದು ಸಲ ಕೇಳುವ ಪದ್ಧತಿ ಇದೆ. ಮೊದಲ ಉತ್ತರದಲ್ಲಿ ಸಿಗುವುದು ಮೇಲ್ಮೇಲಿನ ಕಾರಣ. ಗುರಿಗೂ ಅದೇ ಪ್ರಶ್ನೆ ಹಾಕಿ. ಐದು ಸಲ ಕೇಳಲೇಬೇಕೆಂದಿಲ್ಲ, ಸಾಮಾನ್ಯವಾಗಿ ಎರಡು ಮೂರು ಸಲಕ್ಕೆ ವಿಷಯ ಹೊರಗೆ ಬರುತ್ತದೆ. ಪ್ರತಿ ಉತ್ತರವನ್ನೂ ಬರೆಯಿರಿ.

ತೋಟ ಯಾತಕ್ಕೆ? ಇದಕ್ಕೆ ಬರಬಹುದಾದ ಉತ್ತರಗಳನ್ನು ನೋಡಿ. ಒಂದೊಂದು ಉತ್ತರಕ್ಕೂ ತೋಟವೇ ಬೇರೆಯಾಗುತ್ತದೆ.

"ಔಷಧಿ ಹೊಡೆಯದ ಸೊಪ್ಪು ಮಗಳಿಗೆ ತಿನ್ನಿಸಬೇಕು" ಎಂದಾದರೆ ಬೇಕಾಗಿರುವುದು ದಂಟು, ಹರಿವೆ, ಮೆಂತ್ಯ, ಪಾಲಕ್. ವಾರವಾರ ಸ್ವಲ್ಪಸ್ವಲ್ಪ ಬಿತ್ತಿ ವಾರವಾರ ಕೊಯ್ಯುವ ಏರ್ಪಾಡು. ಹೂವಿನ ಕುಂಡ ಒಂದೂ ಬೇಡ.

"ಆಫೀಸಿನಿಂದ ಬಂದ ಮೇಲೆ ತಲೆ ಹಗುರಾಗಬೇಕು" ಎಂದಾದರೆ ಕೊಯ್ಲಿನ ಲೆಕ್ಕವೇ ಬೇಡ. ಎಂಟು ಹತ್ತು ಕುಂಡ, ಒಂದು ಮಲ್ಲಿಗೆ ಬಳ್ಳಿ, ಒಂದು ದಾಸವಾಳ, ಕೂರಲು ಕುರ್ಚಿ. ಇಲ್ಲಿ ಎಣಿಸಬೇಕಾದದ್ದು ವಾರದಲ್ಲಿ ಎಷ್ಟು ಸಂಜೆ ಮೇಲೆ ಹೋಗಿ ಕುಳಿತಿರಿ ಎಂಬುದನ್ನು.

"ತರಕಾರಿ ಖರ್ಚು ಉಳಿಸಬೇಕು" ಎಂದಾದರೆ ಒಂದು ಕ್ಷಣ ನಿಲ್ಲಿ. ಗಿಡ ಬೆಳೆಸುವ ಚೀಲ, ಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ, ಬೇವಿನ ಹಿಂಡಿ ಇವಕ್ಕೆ ಮೊದಲ ವರ್ಷ ಹಾಕುವ ದುಡ್ಡು ಸೊಪ್ಪಿನಲ್ಲಿ ವಾಪಸ್ ಬರುವುದು ಕಷ್ಟ. ಉಳಿತಾಯವೇ ಉದ್ದೇಶವಾದರೆ ಒಮ್ಮೆ ನೆಟ್ಟು ಬಹುಕಾಲ ಕೀಳುವ ಕರಿಬೇವು, ಬಸಳೆ, ದೊಡ್ಡಪತ್ರೆಗಳಿಗೆ ನಿಲ್ಲಿಸಿ, ಉಳಿದ ಲೆಕ್ಕವನ್ನು ಅಡುಗೆಮನೆಯಲ್ಲಿ ನೋಡಿ.

"ಅತ್ತೆಯವರಿಗೆ ಹೊತ್ತು ಹೋಗಲಿ ಅಂತ" ಎಂದಾದರೆ ಅದು ನಿಮ್ಮ ಗುರಿಯೇ ಆಗಿರಲಿಕ್ಕಿಲ್ಲ. ಮೊದಲು ಅವರನ್ನು ಕೇಳಿ.

ಉದ್ದೇಶ ಸರಿಯಾಗಿ ಸಿಕ್ಕಿದೆಯೇ ಎಂದು ನೋಡಲು ಒಂದು ಪರೀಕ್ಷೆ ಇದೆ: ಈ ಗುರಿಯನ್ನೇ ಕೈಬಿಟ್ಟರೂ ಆ ಉದ್ದೇಶ ಈಡೇರುವ ಇನ್ನೊಂದು ದಾರಿ ಇದೆಯೇ? ಸಕ್ಕರೆ ಅಂಶ ಏರಿದೆ, ನಡೆದಾಡಿ ಎಂದು ವೈದ್ಯರು ಹೇಳಿದ್ದಕ್ಕೆ "ಬೆಂಗಳೂರು 10ಕೆ ಓಡ್ತೀನಿ" ಎಂದು ಹೊರಟವರಿಗೆ ಈ ಪ್ರಶ್ನೆ ಬಹಳ ಉಪಯೋಗ. 10 ಕಿಲೋಮೀಟರ್ ಓಡುವುದು ಒಳ್ಳೆಯ ಗುರಿಯೇ. ಆದರೆ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಮಟ್ಟದ ದೇಹಶ್ರಮ, ಅಂದರೆ ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆಯ ಚುರುಕು ನಡಿಗೆ. ಅದಕ್ಕೆ ಮೆಟ್ರೊದಲ್ಲಿ ಒಂದು ನಿಲ್ದಾಣ ಮೊದಲೇ ಇಳಿದರೂ ಸಾಕಾಗಬಹುದು. ಓಟದ ಆಸೆಯೇ ಬೇರೆ ಇದ್ದರೆ ಅದನ್ನು ಬೇರೆ ಹಾಳೆಯಲ್ಲಿ ಬರೆಯಿರಿ.

ಇಲ್ಲಿ ತಪ್ಪುವುದು ಎರಡು ಕಡೆ. ಒಂದು, ಎರವಲು ಉದ್ದೇಶ. "ಎಲ್ಲರೂ ಮಾಡ್ತಿದ್ದಾರೆ", "ಪಕ್ಕದ ಮನೆಯವರು ಏನಂತಾರೆ" ಎಂಬಂಥದ್ದು ಹಾಳೆಯ ಮೇಲೆ ಬಂದರೆ ಅದನ್ನು ಹಾಗೇ ಇಟ್ಟು ಕೆಳಗೆ ಇನ್ನೊಮ್ಮೆ "ಯಾತಕ್ಕೆ" ಬರೆಯಿರಿ. ಎರಡು, ಬಾವಿಯ ತಳಕ್ಕೆ ಇಳಿಯುವುದು. ಯಾವ ಗುರಿಗಾದರೂ ಆರೇಳು ಸಲ ಯಾತಕ್ಕೆ ಎಂದು ಕೇಳಿದರೆ ಕೊನೆಗೆ ಬರುವುದು "ಸುಖವಾಗಿರೋಕೆ" ಎಂಬ ಉತ್ತರ. ಅದರಿಂದ ಕೆಲಸಕ್ಕೆ ಏನೂ ಸಿಗುವುದಿಲ್ಲ. ನಾಳೆ ಬೆಳಿಗ್ಗೆ ನೀವು ಏನು ಮಾಡುತ್ತೀರಿ ಎಂಬುದನ್ನು ಬದಲಿಸುವ ಉತ್ತರ ಸಿಕ್ಕ ಕೂಡಲೇ ನಿಲ್ಲಿಸಿ.

3. ಮುಗಿಯಿತು ಎಂದು ತಿಳಿಯುವ ಗುರುತು

1981ರಲ್ಲಿ ಜಾರ್ಜ್ ಡೋರನ್ ಎಂಬುವರು ನಿರ್ವಹಣಾ ಪತ್ರಿಕೆಯೊಂದರಲ್ಲಿ ಬರೆದ ಸ್ಮಾರ್ಟ್ ಸೂತ್ರವನ್ನು ನೀವು ಕಚೇರಿಯ ತರಬೇತಿಯಲ್ಲಿ ಕೇಳಿರುತ್ತೀರಿ: ಗುರಿ ನಿರ್ದಿಷ್ಟವಾಗಿರಬೇಕು, ಅಳೆಯುವಂತಿರಬೇಕು, ಕಾಲಮಿತಿ ಇರಬೇಕು ಇತ್ಯಾದಿ. ಸೂತ್ರ ಸರಿಯಾಗಿಯೇ ಇದೆ. ಆದರೆ ಅದು ಕಂಪನಿಗಳಿಗಾಗಿ ಬರೆದದ್ದು, ಮನೆಯ ಗುರಿಗೆ ಒಂದೇ ಪ್ರಶ್ನೆ ಸಾಕು: ಹೊರಗಿನವರು ಒಬ್ಬರು ಬಂದು ನೋಡಿದರೆ "ಹೌದು, ಇದು ಆಗಿದೆ" ಎಂದು ಹೇಳಬಲ್ಲರೇ?

"ತೋಟ ಚೆನ್ನಾಗಿದೆ" ಎಂಬುದನ್ನು ಯಾರೂ ಹಾಗೆ ಹೇಳಲಾರರು. "ಸತತ 12 ವಾರ, ವಾರಕ್ಕೆ ಮೂರು ಕಟ್ಟು ಸೊಪ್ಪು ತಾರಸಿಯಿಂದ ಅಡುಗೆಮನೆಗೆ ಇಳಿದಿದೆ" ಎಂಬುದನ್ನು ಹೇಳಬಹುದು.

ಗುರುತು ಹಾಕುವಾಗ ಫಲ ಮತ್ತು ಕೆಲಸ ಎರಡನ್ನೂ ಬೇರೆಬೇರೆ ಬರೆಯಿರಿ. ಮೂರು ಕಟ್ಟು ಸೊಪ್ಪು ಫಲ. ಪ್ರತಿ ಭಾನುವಾರ ಮೂರು ಚೀಲಕ್ಕೆ ಬೀಜ ಹಾಕುವುದು ಕೆಲಸ. ಕೆಲಸ ನಿಮ್ಮ ಕೈಯಲ್ಲಿದೆ, ಫಲ ಪೂರ್ತಿ ಇಲ್ಲ. ಜಡಿಮಳೆಗೆ ಎಳೆ ಸಸಿ ಮಲಗಿದ ವಾರ ಫಲ ಸೊನ್ನೆಯಾಗುತ್ತದೆ. ಆ ವಾರವೂ ಬೀಜ ಹಾಕಿದ್ದರೆ ನೀವು ದಾರಿ ತಪ್ಪಿಲ್ಲ ಎಂದು ಹಾಳೆ ನೋಡಿದರೆ ತಿಳಿಯಬೇಕು.

ಮೊದಲ ದಿನದ ಕೆಲಸ ಇಲ್ಲಿಗೆ ಮುಗಿಯಿತು. ಹಾಳೆ ಮಡಚಿಡಿ.

4. ಒಳಗೆ, ಹೊರಗೆ, ಆಮೇಲೆ

ಇದು ಎಲ್ಲಕ್ಕಿಂತ ಮುಖ್ಯ ಹಂತ, ಜನ ಬಿಟ್ಟುಬಿಡುವುದೂ ಇದನ್ನೇ. ಹಾಳೆಯ ನಡುಭಾಗದಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದು "ಒಳಗೆ", ಎರಡನೆಯದು "ಹೊರಗೆ", ಮೂರನೆಯದು "ಆಮೇಲೆ".

ಒಳಗಿನ ಪಟ್ಟಿಯನ್ನು ಉದ್ದೇಶದಿಂದ ಹಿಂದಕ್ಕೆ ಲೆಕ್ಕ ಹಾಕಿ ಬರೆಯಬೇಕು. ಅಂಗಡಿಯಲ್ಲಿ ಏನು ಸಿಗುತ್ತದೆ ಎಂದು ನೋಡಿ ಬರೆಯಬಾರದು. ನಮ್ಮ ಉದಾಹರಣೆಯ ಲೆಕ್ಕ ಹೀಗೆ:

ವಾರಕ್ಕೆ ಬೇಕಾದದ್ದು ಮೂರು ಕಟ್ಟು. ದಂಟು, ಹರಿವೆ ಬಿತ್ತಿದ ಸುಮಾರು ನಾಲ್ಕು ವಾರಕ್ಕೆ ಕೊಯ್ಲಿಗೆ ಬರುತ್ತವೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂಬತ್ತು ಇಂಚು ಆಳದ ಒಂದು ಚೀಲದಿಂದ ಒಂದು ಸಲಕ್ಕೆ ಒಂದು ಕಟ್ಟು ಎಂದು ಹಿಡಿಯಿರಿ. ಹಾಗಾದರೆ ವಾರಕ್ಕೆ ಮೂರು ಚೀಲ ಬಿತ್ತಬೇಕು, ನಾಲ್ಕು ವಾರಕ್ಕೆ ಒಟ್ಟು 12 ಚೀಲ. ಐದನೇ ವಾರ ಮೊದಲ ಮೂರು ಚೀಲ ಖಾಲಿಯಾಗಿ ಮತ್ತೆ ಬಿತ್ತನೆಗೆ ಸಿದ್ಧವಾಗಿರುತ್ತವೆ. 12 ಚೀಲ ಸಾಕು. ಎಲ್ಲ ಚೀಲಕ್ಕೂ ಒಂದೇ ದಿನ ಬೀಜ ಹಾಕುವುದು ಹೊಸಬರು ಮಾಡುವ ತಪ್ಪು. ಒಂದು ವಾರ ಅಕ್ಕಪಕ್ಕದವರಿಗೆಲ್ಲ ಹಂಚುವಷ್ಟು ಸೊಪ್ಪು, ಆಮೇಲೆ ಮೂರು ವಾರ ಏನೂ ಇಲ್ಲ.

ಈ ಲೆಕ್ಕದ ಹಿಂದೆಯೇ ಉಳಿದ ಲೆಕ್ಕಗಳೂ ಬರುತ್ತವೆ. ನೀರು ಹೀರಿದಾಗ ಒಂದೊಂದು ಚೀಲ 35ರಿಂದ 40 ಕೆಜಿ ತೂಗುತ್ತದೆ, 12 ಚೀಲ ಎಂದರೆ ಹತ್ತಿರ ಹತ್ತಿರ ಅರ್ಧ ಟನ್. ಒಂದೇ ಕಡೆ ಗುಡ್ಡೆ ಹಾಕದೆ ಗೋಡೆ, ತೊಲೆಗಳ ಮೇಲೆ ಬರುವ ಹಾಗೆ ಅಂಚಿನುದ್ದಕ್ಕೂ ಹಂಚಿಡಬೇಕು. ಹಳೆಯ ಮನೆಯಾದರೆ ಮೇಸ್ತ್ರಿಯನ್ನೋ ಎಂಜಿನಿಯರನ್ನೋ ಕೇಳದೆ ಇಡಬೇಡಿ. ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸದಿದ್ದರೆ ಚೀಲದಡಿ ನೀರು ನಿಂತು ತಾರಸಿ ಸೋರುತ್ತದೆ. ಬೇಸಿಗೆಯಲ್ಲಿ ಚೀಲಕ್ಕೆ ದಿನಕ್ಕೆ ಎರಡರಿಂದ ಮೂರು ಲೀಟರ್ ಎಂದರೆ ಎರಡು ಬಕೆಟ್ ನೀರು. ಗುರಿಯ ವ್ಯಾಪ್ತಿ ಎಂದರೆ ಇಷ್ಟು ಹತ್ತಿರಕ್ಕೆ ಬರಬೇಕು: ಯಾವ ಬಕೆಟ್, ಯಾರು ಎತ್ತುತ್ತಾರೆ, ಎಷ್ಟು ಮೆಟ್ಟಿಲು.

ಈಗ ಹೊರಗಿನ ಪಟ್ಟಿ. ಒಳಗಿನ ಪಟ್ಟಿಯಲ್ಲಿ ಎಷ್ಟು ಸಾಲಿದೆಯೋ ಕನಿಷ್ಠ ಅಷ್ಟು ಸಾಲು ಇಲ್ಲಿಯೂ ಇರಬೇಕು. ಟೊಮೆಟೊ ಇಲ್ಲ, ಏಕೆಂದರೆ ಅದಕ್ಕೆ ಆಳದ ಚೀಲ, ಆನಿಸುವ ಕೋಲು, ಕಾಯಿಗೆ ಎರಡು ತಿಂಗಳಿಗೂ ಮೇಲೆ ಕಾಯುವ ತಾಳ್ಮೆ ಬೇಕು, ಹಿಟ್ಟು ತಿಗಣೆಯ ಕಾಟ ಬೇರೆ. ಗುಲಾಬಿ ಇಲ್ಲ. ಹಣ್ಣಿನ ಗಿಡ ಇಲ್ಲ. ಹನಿ ನೀರಾವರಿ ಪೈಪಿನ ಜೋಡಣೆ ಇಲ್ಲ. ಮನೆಯಲ್ಲೇ ಗೊಬ್ಬರ ತಯಾರಿಸುವುದಿಲ್ಲ, ಕೊಂಡು ತರುವುದು. ನೆರಳು ಪರದೆ ಕಟ್ಟುವುದಿಲ್ಲ. ಫೋಟೊ ಹಾಕಲು ಬೇರೆ ಖಾತೆ ತೆರೆಯುವುದಿಲ್ಲ.

ಕೈಯಿಂದ "ಇಲ್ಲ" ಎಂದು ಬರೆಯುವಾಗ ಹೊಟ್ಟೆಯಲ್ಲಿ ಒಂದು ಸಣ್ಣ ಸಂಕಟ ಆಗಬೇಕು. ಆಗಲಿಲ್ಲವೆಂದರೆ ನೀವು ಬರೆದದ್ದು ಹೇಗೂ ಬೇಡವಾಗಿದ್ದ ವಸ್ತುಗಳ ಪಟ್ಟಿ. ಗುಲಾಬಿ ಇಷ್ಟ ಇರುವವರೇ "ಗುಲಾಬಿ ಇಲ್ಲ" ಎಂದು ಬರೆಯಬೇಕಾದದ್ದು.

ಮನಸ್ಸು ಕೇಳದಿದ್ದರೆ ಅದಕ್ಕೇ ಮೂರನೇ ಕಾಲಂ ಇದೆ. "ಆಮೇಲೆ" ಎಂದರೆ ಗುರುತು ಮುಟ್ಟಿದ ಮೇಲೆ. ಅದಕ್ಕೂ ಮೊದಲು ಮುಟ್ಟುವಂತಿಲ್ಲ. ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ನಡೆಯುವ ಫಲಪುಷ್ಪ ಪ್ರದರ್ಶನ, ನವೆಂಬರ್ ಸುಮಾರಿಗೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳ, ಇಂಥ ಕಡೆ ಹೋದಾಗ ನಾಲ್ಕು ಸಸಿ ಕೈಯಲ್ಲಿ ಹಿಡಿದು ಬರುವುದು ಸಹಜ. ಆ ನಾಲ್ಕು ಸಸಿಗೆ ನಾಲ್ಕು ಕುಂಡ, ಕುಂಡಕ್ಕೆ ಮಣ್ಣು, ಮಣ್ಣಿಗೆ ಇನ್ನೊಂದು ಭಾನುವಾರ. ಹೀಗೆ ಗುರಿ ತಾನಾಗಿ ಹಿಗ್ಗುವುದನ್ನು ಪ್ರಾಜೆಕ್ಟಿನವರು ಸ್ಕೋಪ್ ಕ್ರೀಪ್ ಎನ್ನುತ್ತಾರೆ, ಅಂದರೆ ಎಲ್ಲೆ ಸದ್ದಿಲ್ಲದೆ ಆಚೆಗೆ ಸರಿಯುವುದು. ಸಸಿ ಕೊಳ್ಳಬೇಡಿ ಎನ್ನುತ್ತಿಲ್ಲ. ಕೊಂಡರೆ ಯಾವ ಚೀಲ ತೆಗೆಯುತ್ತೀರಿ ಎಂದು ಅಲ್ಲೇ ನಿಂತು ಹೇಳಿ, ಆಮೇಲೆ ಕೊಳ್ಳಿ.

5. ಹಾಸಿಗೆ ಎಷ್ಟಿದೆ ಎಂದು ಅಳೆಯಿರಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ, ಹಾಸಿಗೆಯನ್ನು ಅಳೆಯುವವರು ಕಡಿಮೆ. ಅಳೆಯಬೇಕಾದದ್ದು ಸಮಯ, ಹಣ, ಜನ.

ಸಮಯ. ವಾರಕ್ಕೆ ಎಲ್ಲರಿಗೂ 168 ಗಂಟೆ. ನಮ್ಮ ಉದಾಹರಣೆಯವರಿಗೆ ನಿದ್ದೆ ದಿನಕ್ಕೆ 7ರಂತೆ 49. ಕಚೇರಿ ಐದು ದಿನ 9ರಂತೆ 45. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾದ ಮೇಲೆ ವಿಜಯನಗರದಿಂದ ಒಂದೇ ರೈಲಿನಲ್ಲಿ ಹೋಗಬಹುದು. ಆದರೂ ಮನೆ ಬಾಗಿಲಿನಿಂದ ಕಚೇರಿ ಬಾಗಿಲವರೆಗೆ ಹೋಗಿಬರಲು ದಿನಕ್ಕೆ 3 ಗಂಟೆ ಹಿಡಿಯಿರಿ, ಅಲ್ಲಿಗೆ 15. ಅಡುಗೆ, ಮನೆಗೆಲಸ 21. ಸ್ನಾನ, ಊಟ, ತಿಂಡಿ 17.5. ಎಲ್ಲ ಸೇರಿ 147.5. ಉಳಿದದ್ದು 20.5 ಗಂಟೆ.

ಈ ಇಪ್ಪತ್ತು ಗಂಟೆ ನೋಡಿ ಹಿಗ್ಗಬೇಡಿ. ಮಗಳ ಹೋಂವರ್ಕ್, ರೇಷನ್, ಗೃಹಪ್ರವೇಶ, ನಾಮಕರಣ, ಬಂದುಹೋಗುವ ನೆಂಟರು, ಸುಮ್ಮನೆ ಕೂರುವ ಹೊತ್ತು ಎಲ್ಲ ಇದರಲ್ಲೇ ಆಗಬೇಕು. ಹಿಂದಿನ ಎರಡು ವಾರದ ದಾಖಲೆ ತೆಗೆದು ನಿಜವಾಗಿ ಖಾಲಿ ಇದ್ದ ಗಂಟೆಗಳನ್ನು ಎಣಿಸಿ. ಐದಾರು ಗಂಟೆ ಸಿಕ್ಕರೆ ಒಳ್ಳೆಯದು. ಅದರಲ್ಲಿ ಅರ್ಧ ಮಾತ್ರ ಗುರಿಗೆ ಕೊಡಿ.

ಅರ್ಧ ಏಕೆಂದರೆ, ನಮ್ಮ ಕೆಲಸಕ್ಕೆ ಬೇಕಾಗುವ ಸಮಯವನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲಿ ಇದನ್ನು ಯೋಜನಾ ಭ್ರಮೆ ಎಂದು ಗುರುತಿಸಿದರು: ಹಿಂದೆ ಇಂಥದೇ ಕೆಲಸ ತಡವಾಗಿದ್ದು ಗೊತ್ತಿದ್ದರೂ ಈ ಸಲ ಬೇಗ ಆಗುತ್ತದೆ ಎಂದು ನಂಬುವುದು. ಅಂದಾಜಿನ ಸಮಯಕ್ಕೆ ಅರ್ಧದಷ್ಟು ಸೇರಿಸಿ ಬರೆಯುವುದು ಒಳ್ಳೆಯ ರೂಢಿ. ನೀರು ಹಾಕಲು ಇಪ್ಪತ್ತು ನಿಮಿಷ ಎಂದುಕೊಂಡರೆ ಅರ್ಧ ಗಂಟೆ ಎಂದು ಬರೆಯಿರಿ.

ಹಣ. ಮೊದಲು ಹಾಕುವುದು, ತಿಂಗಳು ತಿಂಗಳು ಹಾಕುವುದು, ಕಣ್ಣಿಗೆ ಕಾಣದ್ದು ಎಂದು ಮೂರು ಸಾಲು. ಮೂರನೆಯದನ್ನು ಯಾರೂ ಬರೆಯುವುದಿಲ್ಲ: ಮಣ್ಣು ಮೇಲಕ್ಕೆ ಹೊರಿಸುವ ಕೂಲಿ, ವೀಣೆಯ ತಂತಿ ಬದಲಿಸುವ ಖರ್ಚು, ತರಗತಿಗೆ ಹೋಗಿಬರುವ ಆಟೊ. ಸಾಮಾನು ಮಾತ್ರ ಗುರಿ ಬರೆಯುವ ಮೊದಲು ಕೊಳ್ಳಬೇಡಿ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರೆ ಆಮೇಲೆ ಕುಲಾವಿಗೆ ತಕ್ಕ ಕೂಸು ಹುಡುಕುವಂತಾಗುತ್ತದೆ. 50 ಚೀಲ ಕೊಂಡವರು 50 ಚೀಲದ ತೋಟ ಮಾಡಲು ಹೊರಡುತ್ತಾರೆ.

ಜನ. ನಿಮ್ಮ ಗುರಿಗೆ ಇನ್ನೊಬ್ಬರ ಸಮಯ ಬೇಕಾದರೆ ಅವರ ಒಪ್ಪಿಗೆ ಹಾಳೆಯ ಮೇಲೆ ಇರಬೇಕು. "ಅತ್ತೆ ಮನೇಲೇ ಇರ್ತಾರಲ್ಲ, ನೀರು ಹಾಕ್ತಾರೆ" ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಬಿಟ್ಟರೆ ಮೂರನೇ ವಾರಕ್ಕೆ ಮುನಿಸು ಶುರು. ನೇರವಾಗಿ ಕೇಳಿ: "ಅತ್ತೆ, ಬುಧವಾರ ನಂಗೆ ಬೇಗ ಹೊರಡಬೇಕು. ಅವತ್ತೊಂದು ದಿನ ನೀವು ನೀರು ಹಾಕೋಕೆ ಆಗುತ್ತಾ? ಮಂಡಿ ನೋವಿದ್ರೆ ಬೇಡ, ಬೇರೆ ಏನಾದ್ರೂ ಮಾಡ್ಕೋತೀನಿ." ದಿನ, ಕೆಲಸ, ಬೇಡ ಎನ್ನಲು ದಾರಿ, ಮೂರೂ ಅದರಲ್ಲಿವೆ. ಅವರು ಆಗಲ್ಲ ಎಂದರೆ ವ್ಯಾಪ್ತಿ ಕಡಿಮೆ ಮಾಡಿ. ಅವರ ಮೇಲೆ ಬೇಸರ ಬೇಡ.

6. ಕೆಟ್ಟಮೇಲೆ ಬರುವ ಬುದ್ಧಿಯನ್ನು ಮೊದಲೇ ತನ್ನಿ

ಅಮೆರಿಕದ ಮನೋವಿಜ್ಞಾನಿ ಗ್ಯಾರಿ ಕ್ಲೈನ್ 2007ರಲ್ಲಿ ಪ್ರೀಮಾರ್ಟಮ್ ಎಂಬ ಕ್ರಮದ ಬಗ್ಗೆ ಬರೆದರು. ಸತ್ತಮೇಲೆ ಮಾಡುವುದು ಪೋಸ್ಟ್‌ಮಾರ್ಟಮ್, ಇದು ಮೊದಲೇ ಮಾಡುವ ಪರೀಕ್ಷೆ. ಆರು ತಿಂಗಳು ಕಳೆದಿದೆ, ಗುರಿ ನಿಂತುಹೋಗಿದೆ ಎಂದುಕೊಳ್ಳಿ. ಯಾಕೆ ನಿಂತಿತು? ಐದು ನಿಮಿಷದಲ್ಲಿ ತೋಚಿದಷ್ಟು ಬರೆಯಿರಿ. ತೊಂದರೆ ಬರಬಹುದೇ ಎಂದು ಕೇಳಿದರೆ ಮನಸ್ಸು "ಇಲ್ಲ ಬಿಡು" ಎನ್ನುತ್ತದೆ. ಈಗಾಗಲೇ ಬಂದಿದೆ ಎಂದುಕೊಂಡರೆ ಕಾರಣಗಳು ಸಾಲುಗಟ್ಟಿ ಬರುತ್ತವೆ.

ನಮ್ಮ ತೋಟಕ್ಕೆ ಬರುವ ಉತ್ತರಗಳು: ಮಗಳ ಪರೀಕ್ಷೆ ಬಂತು, ದಸರೆ ರಜೆಗೆ ಊರಿಗೆ ಹೋದಾಗ ಎಲ್ಲ ಒಣಗಿತು, ಸೆಪ್ಟೆಂಬರ್ ಮಳೆಗೆ ಕೊಳೆಯಿತು, ಬೇಸಿಗೆಯಲ್ಲಿ ನೀರಿಲ್ಲ. ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ, ವಾಹನ ತೊಳೆಯಲು ಬಳಸಬಾರದೆಂದು ಆದೇಶಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಎಂದು ಹೇಳಿತ್ತು. ಆ ಬೇಸಿಗೆಯಲ್ಲಿ ತೋಟ ಉಳಿಸಿಕೊಳ್ಳಬೇಕಾದವರಿಗೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಹಿಡಿದಿಡುವ ಬಕೆಟ್ ಸಿಂಕಿನ ಪಕ್ಕದಲ್ಲಿ ಇರಬೇಕಿತ್ತು.

ಮೊದಲ ಮೂರು ಕಾರಣಗಳಿಗೆ "ಹೀಗಾದರೆ ಹಾಗೆ" ವಾಕ್ಯ ಬರೆಯಿರಿ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ ಅಧ್ಯಯನ ಮಾಡಿದ್ದು ಇಂಥ ವಾಕ್ಯಗಳನ್ನೇ: ಯಾವ ಸಂದರ್ಭ ಬಂದರೆ ಯಾವ ಕೆಲಸ ಎಂದು ಮೊದಲೇ ಕಟ್ಟಿಟ್ಟರೆ ಆ ಹೊತ್ತಿಗೆ ಯೋಚಿಸುತ್ತ ಕೂರಬೇಕಾಗುವುದಿಲ್ಲ. "ಎಚ್ಚರವಾಗಿರುತ್ತೇನೆ" ಎಂಬುದು ಅಂಥ ವಾಕ್ಯವಲ್ಲ. "ಮೂರು ದಿನಕ್ಕಿಂತ ಹೆಚ್ಚು ಊರಿಗೆ ಹೋಗುವುದಾದರೆ ಹಿಂದಿನ ಭಾನುವಾರ ಬಿತ್ತನೆ ನಿಲ್ಲಿಸಿ, ಬೆಳೆದದ್ದನ್ನೆಲ್ಲ ಕೊಯ್ಯುತ್ತೇನೆ" ಎಂಬುದು ಹೌದು.

7. ಪುಟ ಸಿದ್ಧ

ಈಗ ಹೊಸ ಹಾಳೆಯಲ್ಲಿ ಒಪ್ಪವಾಗಿ ಬರೆಯಿರಿ. ನಮ್ಮ ಉದಾಹರಣೆಯ ಪುಟ ಹೀಗಾಗುತ್ತದೆ:

ಗುರಿ: ತಾರಸಿಯಲ್ಲಿ ಮನೆಗೆ ಸಾಕಾಗುವಷ್ಟು ಸೊಪ್ಪು ಬೆಳೆಯುವುದು.
ಯಾತಕ್ಕೆ: ಔಷಧಿ ಹೊಡೆಯದ ಸೊಪ್ಪು ವಾರದಲ್ಲಿ ಮೂರು ದಿನ ಮಗಳ ತಟ್ಟೆಯಲ್ಲಿ ಇರಬೇಕು.
ಗುರುತು: ಸತತ 12 ವಾರ, ವಾರಕ್ಕೆ ಮೂರು ಕಟ್ಟು. ಜೂನ್ 1ರಿಂದ ನವೆಂಬರ್ 30ರೊಳಗೆ.
ಕೆಲಸ: ಭಾನುವಾರ ಬೆಳಿಗ್ಗೆ ಮೂರು ಚೀಲ ಬಿತ್ತನೆ. ಮಳೆ ಇಲ್ಲದ ದಿನ ನೀರು.
ಒಳಗೆ: 12 ಚೀಲ. ದಂಟು, ಹರಿವೆ, ಮೆಂತ್ಯ, ಪಾಲಕ್.
ಹೊರಗೆ: ಟೊಮೆಟೊ, ಹೂವು, ಹಣ್ಣು, ಹನಿ ನೀರಾವರಿ, ಮನೆಗೊಬ್ಬರ, ನೆರಳು ಪರದೆ.
ಆಮೇಲೆ: ಬಸಳೆ ಚಪ್ಪರ, ಎರಡು ಗುಲಾಬಿ.
ಮಿತಿ: ವಾರಕ್ಕೆ ಎರಡೂವರೆ ಗಂಟೆ. ಬುಧವಾರ ಅತ್ತೆ (ಕೇಳಿದ್ದೇನೆ, ಒಪ್ಪಿದ್ದಾರೆ).
ಹೀಗಾದರೆ ಹಾಗೆ: ಊರಿಗೆ ಹೋದರೆ ಹಿಂದಿನ ಭಾನುವಾರ ಕೊಯ್ಲು. ಎರಡು ದಿನ ಜಡಿಮಳೆಯಾದರೆ ಎಳೆ ಸಸಿಯ ಚೀಲ ಸಜ್ಜೆಯಡಿಗೆ.
ನಿಲ್ಲಿಸುವುದು: ತಾರಸಿ ಸೋರಿದರೆ, ಅಥವಾ ಸತತ ನಾಲ್ಕು ಭಾನುವಾರ ಬಿತ್ತನೆ ತಪ್ಪಿದರೆ.

ಕೊನೆಯ ಸಾಲನ್ನು ಬಿಡಬೇಡಿ. ಅದು ಮುಂಚೆಯೇ ಬರೆದಿದ್ದರೆ ಬಿಟ್ಟ ದಿನ ತಪ್ಪಿತಸ್ಥ ಭಾವನೆ ಇರುವುದಿಲ್ಲ.

ಬೇರೆ ಗುರಿಗಳಿಗೆ ಇದೇ ಕ್ರಮ

ಸಂಗೀತ ಕಲಿಯುವ ಗುರಿಯಲ್ಲಿ ಗೊಂದಲ ಹೆಚ್ಚು. ಕರ್ನಾಟಕ ಸಂಗೀತದ ಪಾಠ ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ, ಸ್ವರಜತಿ, ವರ್ಣ, ಕೃತಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಗೌರಿ ಹಬ್ಬದ ದಿನ ಮನೆಯಲ್ಲಿ ನಾಲ್ಕು ದೇವರನಾಮ ಶ್ರುತಿ ತಪ್ಪದೆ ಹಾಡುವುದು ಉದ್ದೇಶವಾದರೆ ಅಲಂಕಾರದವರೆಗಿನ ಅಭ್ಯಾಸ ಬೇಕೇ ಬೇಕು, ವರ್ಣವನ್ನು "ಆಮೇಲೆ" ಕಾಲಂಗೆ ಹಾಕಬಹುದು. ಜೂನಿಯರ್ ಪರೀಕ್ಷೆ ಉದ್ದೇಶವಾದರೆ ಶಾಸ್ತ್ರದ ಪತ್ರಿಕೆಯೂ ಇರುತ್ತದೆ, ಬರೆಯುವ ಓದಿಗೆ ಬೇರೆ ಗಂಟೆ ತೆಗೆದಿಡಬೇಕು. ಈ ಎರಡರಲ್ಲಿ ಯಾವುದು ಎಂದು ಮೊದಲ ದಿನವೇ ಮೇಷ್ಟರಿಗೆ ಹೇಳಿ. ಹೇಳದಿದ್ದರೆ ಅವರು ತಮ್ಮ ಕ್ರಮದಲ್ಲಿ ಕಲಿಸುತ್ತಾರೆ, ನೀವು ಹಬ್ಬ ಬಂತಲ್ಲ ಎಂದು ಚಡಪಡಿಸುತ್ತೀರಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ನಾಲ್ಕನೇ ಹಂತಕ್ಕೂ "ನಿಲ್ಲಿಸುವುದು" ಎಂಬ ಸಾಲಿಗೂ ದಯವಿಟ್ಟು ಹೆಚ್ಚು ಹೊತ್ತು ಕೊಡಿ. ವಿಜಯನಗರ, ಚಂದ್ರಾ ಲೇಔಟಿನ ಪಿಜಿಗಳಲ್ಲಿ ಇದ್ದುಕೊಂಡು ವರ್ಷಗಟ್ಟಲೆ ಓದುವ ಮಕ್ಕಳ ಹಾಳೆಯಲ್ಲಿ ಈ ಸಾಲು ಖಾಲಿ ಇರುತ್ತದೆ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ 6 ಯತ್ನ, 32 ವರ್ಷದ ಮಿತಿ ಇದೆ. ಅದು ಆಯೋಗ ಹಾಕಿದ ಎಲ್ಲೆ. ನಿಮ್ಮ ಎಲ್ಲೆಯನ್ನು ನೀವೇ ಹಾಕಿಕೊಳ್ಳಬೇಕು: ಎಷ್ಟು ಯತ್ನ, ಯಾವ ವರ್ಷದವರೆಗೆ, ಮನೆಯಿಂದ ಎಷ್ಟು ಹಣ, ಅದರ ಜೊತೆಗೆ ಯಾವ ಇನ್ನೊಂದು ಕೆಲಸಕ್ಕೆ ತಯಾರಿ. ಇದನ್ನು ಓದಲು ಶುರು ಮಾಡುವ ಮೊದಲೇ ಅಪ್ಪ ಅಮ್ಮನ ಎದುರು ಕುಳಿತು ಬರೆಯಿರಿ. ಫಲಿತಾಂಶ ಬಂದ ದಿನ ಇಂಥ ಮಾತು ಯಾರ ಕೈಯಲ್ಲೂ ಸರಿಯಾಗಿ ಆಡಲು ಆಗುವುದಿಲ್ಲ. ಆಯ್ಕೆಯಾಗುವುದು ನಿಮ್ಮ ಕೈಯಲ್ಲಿ ಪೂರ್ತಿ ಇಲ್ಲದ ಫಲ. ಹಳೆಯ ಪ್ರಶ್ನೆಪತ್ರಿಕೆ ಎಷ್ಟು ಬಿಡಿಸಿದಿರಿ, ಎಷ್ಟು ಉತ್ತರ ಬರೆದು ತಿದ್ದಿಸಿಕೊಂಡಿರಿ ಎಂಬುದು ಕೆಲಸ. ವಾರವಾರ ಎಣಿಸಬೇಕಾದದ್ದು ಅದನ್ನು.

8. ಎರಡು ವಾರ ನಡೆಸಿ ನೋಡಿ, ಆಮೇಲೆ ತಿದ್ದಿ

ಮೊದಲ ಎರಡು ವಾರ ಪುಟವನ್ನು ಪೆನ್ಸಿಲಿನಲ್ಲಿ ಬರೆದದ್ದು ಎಂದುಕೊಳ್ಳಿ. ಗಂಟೆಯ ಲೆಕ್ಕ ತಪ್ಪಿದ್ದರೆ ವ್ಯಾಪ್ತಿ ಕಡಿಮೆ ಮಾಡಿ, 12 ಚೀಲ ಆಗದಿದ್ದರೆ 6 ಮಾಡಿ, ಗುರುತನ್ನು ವಾರಕ್ಕೆ ಒಂದೂವರೆ ಕಟ್ಟಿಗೆ ಇಳಿಸಿ. ನಿದ್ದೆಯ ಗಂಟೆ ಕತ್ತರಿಸಿ ಸರಿದೂಗಿಸಬೇಡಿ.

ಆಮೇಲೆ ತಿಂಗಳಿಗೊಮ್ಮೆ ಹದಿನೈದು ನಿಮಿಷ. ತಿಂಗಳ ಮೊದಲ ಭಾನುವಾರ ಬಿತ್ತನೆ ಮುಗಿಸಿ ಕಾಫಿ ಕುಡಿಯುವ ಹೊತ್ತು ಚೆನ್ನಾಗಿ ಹೊಂದುತ್ತದೆ. ಮೂರು ಪ್ರಶ್ನೆ ಸಾಕು: ಉದ್ದೇಶ ಈಗಲೂ ಅದೇನಾ? ಕೆಲಸ ಎಷ್ಟು ವಾರ ಆಯಿತು? ಹೊರಗಿನ ಪಟ್ಟಿಯಿಂದ ಏನಾದರೂ ಒಳಗೆ ನುಸುಳಿದೆಯಾ?

ತಿದ್ದುವಾಗ ಒಂದು ಕಟ್ಟುನಿಟ್ಟು: ಒಂದು ಸಾಲು ಸೇರಿಸಿದರೆ ಒಂದು ಸಾಲು ಹೊಡೆದುಹಾಕಬೇಕು. ಹೊಡೆದದ್ದರ ಪಕ್ಕ ದಿನಾಂಕ ಬರೆಯಿರಿ, ಅಳಿಸಬೇಡಿ. ನಾಲ್ಕು ತಿಂಗಳ ನಂತರ ಅದೇ ಆಸೆ ಮತ್ತೆ ಬಂದಾಗ ಯಾಕೆ ಬಿಟ್ಟಿರಿ ಎಂದು ಆ ದಿನಾಂಕವೇ ನೆನಪಿಸುತ್ತದೆ.

ಉದ್ದೇಶವೇ ಬದಲಾಗಿದ್ದರೆ ಹಳೆಯ ಪುಟವನ್ನು ತಿದ್ದಲು ಹೋಗಬೇಡಿ. ಮಗಳು ಹಾಸ್ಟೆಲಿಗೆ ಹೋದಳು, ಮನೆಯಲ್ಲಿ ಸೊಪ್ಪಿನ ಖರ್ಚು ಅರ್ಧವಾಯಿತು ಎಂದಿಟ್ಟುಕೊಳ್ಳಿ. ಆಗ ಆ ಗುರಿ ಮುಗಿದಂತೆಯೇ. ಪುಟದ ಕೆಳಗೆ "ಮುಗಿಯಿತು" ಎಂದು ಬರೆದು ದಿನಾಂಕ ಹಾಕಿ, "ಆಮೇಲೆ" ಕಾಲಂನಲ್ಲಿ ಇಷ್ಟು ದಿನ ಕಾದಿದ್ದ ಆ ಎರಡು ಗುಲಾಬಿಗೆ ಹೊಸ ಹಾಳೆ ತೆಗೆಯಿರಿ.